ತೂಬು ದಾಟಿದ ಮೀನು

ಕಾಶ್ಮೀರಕ್ಕೆ ಹೊರಡುವ ಮುಂಚಿನ ಬೇಸಿಗೆಯಲ್ಲಿ ನಾನೂ ನಮ್ಮಕ್ಕನೂ ಬೆನ್ನಿಗೆ ಚೀಲ ಹಾಕಿಕೊಂಡು ಹತ್ತದ ಬೆಟ್ಟ ನಮ್ಮ ಸುತ್ತಿನಲ್ಲಿ ಉಳಿದಿರಲಿಲ್ಲ. ಪಾಂಡವಪುರದ ಕುಂತಿಬೆಟ್ಟ ಆಯಿತು, ಕರಿಘಟ್ಟ ಆಯಿತು, ಕೆ.ಆರ್. ಪೇಟೆ ಕಡೆಯ ನಾರಾಯಣದುರ್ಗವೂ ಆಯಿತು. ಕಡೆಗೆ ಬಸ್ಸಿಗೆ ಅನುಕೂಲವೆಂದು ಮೇಲುಕೋಟೆಯ ಮೆಟ್ಟಿಲುಗಳನ್ನೇ ಹಿಡಿದೆವು. ಭಾರ ಅಭ್ಯಾಸವಾಗಲಿ ಎಂದು ಚೀಲಕ್ಕೆ ರಾಗಿ ತುಂಬಿಕೊಳ್ಳುತ್ತಿದ್ದೆವು. ದಾರಿಯಲ್ಲಿ ಸಿಕ್ಕವರು ಏನು ಹರಕೆ ತಾಯಿ ಎಂದು ಕೇಳುತ್ತಿದ್ದರು. ಮೀನು ಹಿಡಿಯುವುದಕ್ಕೆ ಅಭ್ಯಾಸ ಮಾಡುತ್ತಿದ್ದೇವೆ ಎಂದು ದೇವರ ಮೆಟ್ಟಿಲ ಮೇಲೆ ನಿಂತು ಹೇಳುವುದು ಹೇಗೆ? ಮಂಡಿ ನೋವಿನ ಹರಕೆ ಎಂದು ಅಕ್ಕ ಹೇಳಿಬಿಡುತ್ತಿದ್ದಳು. ಅದರಲ್ಲಿ ಮಂಡಿ ನೋವು ನಿಜ.

ಒಂದು ದಿನ ಮೇಲುಕೋಟೆಯ ಕೋತಿಯೊಂದು ಹಿಂದಿನಿಂದ ಬಂದು ಅಕ್ಕನ ಚೀಲದ ಜಿಪ್ಪು ಎಳೆಯಿತು. ರಾಗಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಸುರಿದುಕೊಂಡು ಹೋಯಿತು. ಕೋತಿ ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಥೂ ಎಂದು ಉಗಿದು, ಕಟ್ಟೆಯ ಮೇಲೆ ಕೂತು ನಮ್ಮನ್ನೇ ನೋಡತೊಡಗಿತು. ಮಾರನೆಯ ವಾರದಿಂದ ಚೀಲಕ್ಕೆ ಇಟ್ಟಿಗೆ ಹಾಕಿಕೊಂಡೆವು.

ಇಷ್ಟೆಲ್ಲ ಯಾಕೆ ಎಂದರೆ ಅಕ್ಕನ ಒಂದು ಹಳೆಯ ಆಸೆ. ನಾವು ಹುಟ್ಟಿ ಬೆಳೆದದ್ದು ಅರಕೆರೆಯಲ್ಲಿ, ನಾಲೆ ನೀರಿನ ಊರು. ಕೆರೆ ತುಂಬಿ, ತೂಬು ಎತ್ತಿ, ನೀರು ಕೆಳಗಿನ ಕಾಲುವೆಗೆ ಬೀಳುವ ದಿನಗಳಲ್ಲಿ ನಮ್ಮ ಅಣ್ಣಂದಿರು ಗಾಳ ಹಿಡಿದು ತೂಬಿನ ಬಾಯಿಯ ಕೆಳಗೆ ಸಾಲಾಗಿ ಕೂರುತ್ತಿದ್ದರು. ಕೆರೆಯೊಳಗಿನ ಮೀನು ಹರಾಜು ಹಿಡಿದವನದು. ಅದನ್ನು ಮುಟ್ಟಿದರೆ ಪಂಚಾಯಿತಿವರೆಗೂ ಹೋಗುತ್ತಿತ್ತು. ಆದರೆ ತೂಬು ದಾಟಿ ಕಾಲುವೆಗೆ ಬಿದ್ದ ಮೀನು ಯಾರದೂ ಅಲ್ಲ, ಹಿಡಿದವರದು. ಹರಾಜುದಾರನ ಕಾವಲಿನವನು ಏರಿಯ ಮೇಲೆ ನಿಂತು ಬೀಡಿ ಸೇದುತ್ತಾ ನೋಡುತ್ತಿದ್ದನೇ ಹೊರತು ಕೆಳಗಿನವರನ್ನು ಒಂದು ಮಾತು ಕೇಳುತ್ತಿರಲಿಲ್ಲ. ಊರಿನಲ್ಲಿ ಅದು ಅಷ್ಟು ಖಡಾಖಂಡಿತ.

ತಿಪ್ಪೆಯ ಪಕ್ಕ ಎರೆಹುಳು ಅಗೆಯುವುದು, ಹಸಿಮಣ್ಣು ಹಾಕಿದ ಡಬ್ಬದಲ್ಲಿ ಅವನ್ನು ತಣ್ಣಗಿಡುವುದು, ರಾಗಿಹಿಟ್ಟಿಗೆ ಕಡಲೆಕಾಯಿ ಹಿಂಡಿ ಕಲಸಿ ಗೋಲಿ ಕಟ್ಟುವುದು, ಇದೆಲ್ಲ ಅಕ್ಕನ ಪಾಲು. ಗಾಳದ ಕಡ್ಡಿ ಮಾತ್ರ ಮುಟ್ಟುವ ಹಾಗಿಲ್ಲ. ಹೆಣ್ಣುಮಕ್ಕಳು ಮುಟ್ಟಿದ ಗಾಳಕ್ಕೆ ಮೀನು ಕಚ್ಚುವುದಿಲ್ಲ ಎಂದು ತಾತ ಹೇಳಿಬಿಟ್ಟಿದ್ದರು. ಅಕ್ಕ ಡಬ್ಬ ಹಿಡಿದು ದಡದ ಮೇಲೆ ಕೂತು ಎಷ್ಟೋ ಮಳೆಗಾಲ ನೋಡಿದಳು. ಆಮೇಲೆ ಅವಳನ್ನು ನಾಗಮಂಗಲದ ಹೊಣಕೆರೆ ಕಡೆಗೆ ಕೊಟ್ಟರು. ಅಲ್ಲಿ ರಾಗಿ, ಹುರುಳಿ, ಹುಣಸೆಮರ. ಕೆರೆಗೆ ನೀರು ಬಂದ ವರ್ಷ ಹಬ್ಬ. ನನ್ನನ್ನು ಸೋದರಮಾವನ ಮಗನಿಗೆ ಕೊಟ್ಟು ಊರಿನಲ್ಲೇ ಇಟ್ಟುಕೊಂಡರು. ನಮ್ಮ ಯಜಮಾನರಿಗೆ ಅಂಥ ನೇಮಗಳೇನೂ ಇರಲಿಲ್ಲವಾದ್ದರಿಂದ ನಾನು ಕಾಲುವೆಯಲ್ಲಿ ಜಿಲೇಬಿ ಮೀನು, ಗೆಂಡೆ ಎಲ್ಲ ಹಿಡಿದಿದ್ದೇನೆ. ಅಕ್ಕ ಮಾತ್ರ ಐವತ್ತೇಳು ತುಂಬಿದರೂ ಒಂದು ಮೀನನ್ನೂ ತನ್ನ ಕೈಯಿಂದ ಎಳೆದಿರಲಿಲ್ಲ.

ನಮ್ಮೂರಿಗೆ ಬಂದಾಗ ಹಿಡಿಯಬಹುದಿತ್ತಲ್ಲ ಎಂದು ನಾನೂ ಕೇಳಿದ್ದೆ. ತವರಿಗೆ ಬಂದವಳು ಗಾಳ ಹಿಡಿದು ಕೂತರೆ ಅಣ್ಣಂದಿರು ಬಿಡುತ್ತಾರೆಯೇ, ಕಡ್ಡಿ ಕಿತ್ತುಕೊಂಡು ತಾವೇ ಹಿಡಿದು ಕೊಡುತ್ತಾರೆ, ಪ್ರೀತಿಗೇ ಎಂದಿದ್ದಳು. ಹೀಗಿರುವಾಗ ಅವಳ ಮೊಬೈಲಿಗೆ ಎಲ್ಲಿಂದಲೋ ಒಂದು ವಿಡಿಯೊ ಬಂತು. ಕಾಶ್ಮೀರದ ಹಿಮದ ಬೆಟ್ಟದ ನಡುವೆ ಒಂದು ಕೆರೆ, ನಮ್ಮ ವಯಸ್ಸಿನ ಹೆಂಗಸೊಬ್ಬಳು ಬೆನ್ನಿನ ಚೀಲ ಕೆಳಗಿಟ್ಟು ಟ್ರೌಟ್ ಮೀನು ಎಳೆಯುತ್ತಿದ್ದಾಳೆ. ಅಕ್ಕ ಅದನ್ನು ನನಗೆ ದಿನಾ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಕಳಿಸತೊಡಗಿದಳು. ಅಷ್ಟರಲ್ಲಿ ಡಾಕ್ಟರು ಅವಳ ಎರಡೂ ಮಂಡಿ ನೋಡಿ, ದೀಪಾವಳಿ ಕಳೆದ ಮೇಲೆ ಆಪರೇಷನ್ ಆಗಲೇಬೇಕು, ಆಮೇಲೆ ಬೆಟ್ಟಗುಡ್ಡ ಮರೆತುಬಿಡಿ ಎಂದರು.

"ಈ ಸಲ ಬುಟ್ರೆ ಇನ್ನಿಲ್ಲ ಕಣೆ," ಅಂದಳು ಅಕ್ಕ. "ಒಂದೇ ಒಂದು ಮೀನು. ನನ್ ಕಯ್ಯಾರೆ."

ಭಾವ ನಕ್ಕರು. ಮೀನು ಬೇಕಾದರೆ ಶ್ರೀರಂಗಪಟ್ಟಣದ ಹೊಳೆ ಹತ್ತಿರ ತಾಜಾ ಸಿಗುತ್ತದೆ, ಎಷ್ಟು ಬೇಕೋ ಅಷ್ಟು ತಂದುಕೊಡುತ್ತೇನೆ, ಅದಕ್ಕೆ ಪಾಕಿಸ್ತಾನದ ಗಡಿಗೆ ಹೋಗಬೇಕೇ ಎಂದರು. ನಕ್ಕರೂ ಅಡ್ಡಿ ಮಾಡಲಿಲ್ಲ. ಮೈಸೂರಿನಿಂದ ಐವತ್ತು ದಾಟಿದವರನ್ನೇ ಕಟ್ಟಿಕೊಂಡು ಚಾರಣಕ್ಕೆ ಹೋಗುವ ಒಂದು ತಂಡ ಸಿಕ್ಕಿತು.

ದಿನ ಗೊತ್ತು ಮಾಡಿದವಳು ನಾನು. ನನ್ನ ಲೆಕ್ಕ ಬಹಳ ಸರಿಯಾಗಿತ್ತು. ಆಗಸ್ಟ್ ಮುಗಿಯುವುದರೊಳಗೆ ನಾಟಿ ಮುಗಿಯುತ್ತದೆ, ಹಸು ಕರು ಹಾಕಿ ಸುಧಾರಿಸಿಕೊಂಡಿರುತ್ತದೆ, ಶ್ರಾವಣವೂ ಕಳೆದಿರುತ್ತದೆ. ಸೆಪ್ಟೆಂಬರ್ ಮೊದಲಲ್ಲಿ ಹೊರಟರೆ ಅಕ್ಕ ಮೀನು ಹಿಡಿಯಲೂಬಹುದು, ತಿನ್ನಲೂಬಹುದು. ಅಕ್ಕನ ಗಂಡನ ಮನೆಯವರು ಮೇಲುಕೋಟೆ ನಾರಾಯಣನ ಒಕ್ಕಲು. ಶ್ರಾವಣ ಪೂರ್ತಿ ಅಲ್ಲಿ ಮಾಂಸ ಮೀನಿನ ಮಾತಿಲ್ಲ, ಶನಿವಾರ ಒಪ್ಪತ್ತು ಬೇರೆ. ನಮ್ಮ ಮನೆಯಲ್ಲಿ ಶನಿವಾರಗಳು ಮಾತ್ರ.

ಟಿಕೆಟ್ಟು ಆಗಿ, ಬೂಟು ಕೊಂಡು, ಚೀಲವೂ ಕಟ್ಟುತ್ತಿದ್ದಾಗ ಹೊಣಕೆರೆಯಲ್ಲಿ ಅಕ್ಕನ ಅತ್ತೆ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ಎಂಬತ್ತು ದಾಟಿದ ಮುದುಕಿ, ಕಣ್ಣು ಮಂಜು, ನೆನಪು ಗಟ್ಟಿ. ಯಾವತ್ತು ಹೊರಡೋದು ಎಂದು ಕೇಳಿದರು. ಹೇಳಿದೆ. ಅವರು ಬೆರಳು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು.

"ಈ ವರ್ಸ ಅಧಿಕ ಮಾಸ ಬಂದದೆ ಕಣವ್ವ. ಎಲ್ಲಾ ಒಂದ್ ತಿಂಗ್ಳು ಮುಂದಕ್ಕೆ. ನೀವು ಹೋಗೋದು ನಡು ಶ್ರಾವಣದಾಗೆ."

ನಾನು ಗೋಡೆಯ ಕ್ಯಾಲೆಂಡರ್ ಹತ್ತಿರ ಹೋಗಿ ನೋಡಿದೆ. ನಮ್ಮ ಮನೆಯಲ್ಲೂ ಅಂಥದೇ ಇದೆ, ವರ್ಷವಿಡೀ ಅದರ ಮುಂದೆಯೇ ಹಾಲಿನ ಲೆಕ್ಕ ಬರೆಯುತ್ತೇನೆ. ಅಧಿಕ ಎಂದು ಕೆಂಪಕ್ಷರದಲ್ಲಿ ಅಚ್ಚು ಹಾಕಿದ್ದು ಒಂದು ದಿನವೂ ಕಣ್ಣಿಗೆ ಬಿದ್ದಿರಲಿಲ್ಲ. ಅಕ್ಕನ ಮುಖ ನೋಡಲು ನಾಚಿಕೆಯಾಯಿತು. ಅವಳು, ಹಿಡಿಯುವುದು ಹಿಡಿಯುತ್ತೇನೆ, ತಿನ್ನುವುದಿಲ್ಲ ಅಷ್ಟೇ ಎಂದು ಅತ್ತೆಯ ಕಡೆ ನೋಡಿದಳು. ಅತ್ತೆ ಹುಣಸೆಬೀಜ ಒಂದು ಕಡೆ, ನಾರು ಒಂದು ಕಡೆ ಮಾಡುತ್ತಾ, ದೇವರದಕ್ಕೆ ಕೈ ಹಾಕದಿದ್ದರೆ ಆಯಿತು ಎಂದರು. ಹೊರಡುವ ದಿನ ದಾರಿಗಿರಲಿ ಎಂದು ಅಕ್ಕನ ಚೀಲಕ್ಕೆ ಒಂದು ದೊಡ್ಡ ಪೊಟ್ಟಣ ಕಡಲೆಪುರಿ ತುರುಕಿದರು.

ಸೋನ್‌ಮಾರ್ಗ್‌ನಿಂದ ನಡಿಗೆ. ಗುಡಾರ, ಪಾತ್ರೆ ಕುದುರೆಗಳ ಮೇಲೆ, ನಮ್ಮ ನಮ್ಮ ಚೀಲ ನಮ್ಮ ಬೆನ್ನಿಗೆ. ಕುದುರೆಗಳ ಯಜಮಾನ ಅಲ್ಲಿನ ಹಳ್ಳಿಯವನೇ, ಬಿಳಿ ಗಡ್ಡದ ನಿಧಾನಸ್ಥ. ಮೀನು ಹಿಡಿಯುವ ಪರವಾನಗಿ ಮಾಡಿಸಿದವನೂ ಅವನೇ, ಸಲಕರಣೆ ಕೊಟ್ಟವನೂ ಅವನೇ. ಅಕ್ಕನಿಗೆ ನಾಗಮಂಗಲದಲ್ಲಿ ಹುಣಸೆಹಣ್ಣು ಮಾರುವಾಗ ವ್ಯಾಪಾರಿಗಳಿಂದ ಕಲಿತ ಉರ್ದು ಸ್ವಲ್ಪ ಬರುತ್ತಿತ್ತು. ಅವಳ ಉರ್ದು ಅವನಿಗೆ ಅರ್ಧ ತಿಳಿಯುತ್ತಿತ್ತು, ಅವನದು ಅವಳಿಗೆ ಕಾಲುಭಾಗ. ಆದರೂ ದಾರಿಯುದ್ದಕ್ಕೂ ಇಬ್ಬರೂ ಹಸು, ಹುಲ್ಲು, ಮಂಡಿ ನೋವು ಎಂದು ಮಾತಾಡುತ್ತಲೇ ಇದ್ದರು. ಎಲ್ಲರ ಕೈಯಲ್ಲೂ ಮಡಚುವ ಅಲ್ಯೂಮಿನಿಯಂ ಕೋಲು, ಅಕ್ಕನ ಕೈಯಲ್ಲಿ ಮಾತ್ರ ಮನೆಯಿಂದ ತಂದ ಬಿದಿರು ದೊಣ್ಣೆ. ಏರಿನಲ್ಲಿ ಅವಳು ನಮ್ಮೆಲ್ಲರಿಗಿಂತ ಹಿಂದೆ, ಆದರೆ ಒಮ್ಮೆಯೂ ನಿಲ್ಲಲಿಲ್ಲ. ಕಣಿವೆ ದಾಟುವಾಗ ಉಸಿರು ಸಿಕ್ಕದೆ ನಾನೇ ಕಲ್ಲಿನ ಮೇಲೆ ಕುಕ್ಕರಿಸಿದೆ. ಅವಳು ಪಕ್ಕದಲ್ಲೇ ಹಾದು ಹೋಗುತ್ತಾ, ಇಟ್ಟಿಗೆ ಕಡಮೆ ಹೊತ್ತಿದ್ದೀಯ ಎಂದು ಹೇಳಿಯೇ ಹೋದಳು.

ಎರಡನೆಯ ದಿನದ ಸಂಜೆಗೆ ಮುಂಚೆ ಮೊದಲ ಕೆರೆ ಕಂಡಿತು. ಸುತ್ತ ಬೋಳುಬೆಟ್ಟ, ತುದಿಯಲ್ಲಿ ಹಳೆಯ ಹಿಮದ ಪಟ್ಟೆ, ನಡುವೆ ನೀರು. ನಮ್ಮ ಕಡೆಯ ಕೆರೆಯ ಬಣ್ಣವಲ್ಲ ಅದು. ಹೊಸ ಸ್ಟೀಲ್ ಪಾತ್ರೆಯ ಒಳಮೈ ಹಾಗೆ, ನೋಡುತ್ತಿದ್ದಂತೆ ಬದಲಾಗುತ್ತಿತ್ತು. ಅಕ್ಕ ಚೀಲ ಇಳಿಸಿ, ಮನೆಯಿಂದ ತಂದ ರಾಗಿಹಿಟ್ಟು, ಹಿಂಡಿಪುಡಿಯ ಪೊಟ್ಟಣ ತೆಗೆದಳು. ಕುದುರೆಯವನು ತಲೆಯಾಡಿಸಿದ. ಇಲ್ಲಿ ಹಿಟ್ಟು, ಹುಳು ಯಾವುದೂ ಹಾಕುವ ಹಾಗಿಲ್ಲ, ಪರವಾನಗಿಯ ನಿಯಮ ಎಂದು ಹೇಳಿ, ಬೆರಳುದ್ದದ ಹೊಳೆಯುವ ತಗಡಿನ ತುಂಡು ದಾರಕ್ಕೆ ಕಟ್ಟಿದ, ರಾಟೆಯಿರುವ ಗಾಳದ ಕಡ್ಡಿ ಕೊಟ್ಟ. ತಗಡನ್ನು ದೂರ ಬೀಸಿ, ರಾಟೆ ಸುತ್ತುತ್ತಾ ಎಳೆದರೆ ಮೀನು ಅದನ್ನೇ ಮರಿಮೀನು ಎಂದುಕೊಂಡು ಕಚ್ಚುತ್ತದಂತೆ.

ಎಳವೆಯೆಲ್ಲ ಎರೆ ಕಲಸಿದವಳಿಗೆ ಇದು ಅವಮಾನ. "ತಗಡು ತಿನ್ನೋ ಮೀನು ಅದ್ಯಾವ್ ಸೀಮೆ ಮೀನೇ ತಾಯಿ," ಎಂದು ತಿರುಗಿಸಿ ತಿರುಗಿಸಿ ನೋಡಿದಳು.

ಅವತ್ತು ಶುಕ್ರವಾರ. ಕತ್ತಲಾಗುವವರೆಗೆ ಅಕ್ಕ ಬೀಸಿದಳು. ಒಂದು ಸಲ ತಗಡು ಅವಳ ಸ್ವೆಟರಿಗೆ, ಒಂದು ಸಲ ಕುದುರೆಯ ಬಾಲಕ್ಕೆ ಸಿಕ್ಕಿತು. ಉಳಿದಂತೆ ಆಳ ಇರುವ ಕಡೆಯೇ ಒಂದು ಬಂಡೆ ಹುಡುಕಿ ಅಲ್ಲೇ ನಿಂತುಬಿಟ್ಟಳು. ನಾನು ಸುಮ್ಮನೆ, ಏನೂ ಆಸೆಯಿಲ್ಲದೆ, ಮೂರನೆಯ ಬಾರಿಯೋ ನಾಲ್ಕನೆಯ ಬಾರಿಯೋ ಬೀಸಿದ್ದಕ್ಕೆ ಒಂದು ಟ್ರೌಟ್ ಬಂದು ಕಚ್ಚಿಬಿಟ್ಟಿತು. ನನಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ಅಕ್ಕ ಓಡಿ ಬಂದು ನೋಡಿ, ಚೆನ್ನಾಗದೆ ಎಂದಳು, ಮತ್ತೆ ತನ್ನ ಬಂಡೆಗೆ ಹೋದಳು. ಕುದುರೆಯವನು ಅದನ್ನು ಉಪ್ಪು ಖಾರ ಹಚ್ಚಿ ಹೆಂಚಿನ ಮೇಲೆ ಸುಟ್ಟ. ಮಣ್ಣಿನ ವಾಸನೆ ಒಂದಿಷ್ಟೂ ಇಲ್ಲ, ಮುಳ್ಳು ತಾನಾಗಿ ಬಿಟ್ಟುಕೊಂಡಿತು. ಗಾಳಿ ಬೀಸುವ ಕಡೆಗೆ ಬೆನ್ನು ಹಾಕಿ ಕೂತ ಅಕ್ಕ ಹೇಗಿದೆ ಎಂದು ಕೇಳಿದಳು. ಪರವಾಗಿಲ್ಲ, ಸಪ್ಪೆ ಎಂದು ಹೇಳಿದೆ. ಅವಳು ನಂಬಲಿಲ್ಲ.

ಊಟದ ಹೊತ್ತಿಗೆ ತಂಡದಲ್ಲಿದ್ದ ಲಖನೌ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು ನೀನೇಕೆ ತಿನ್ನುವುದಿಲ್ಲ ಎಂದು ಅಕ್ಕನನ್ನು ಹಿಂದಿಯಲ್ಲಿ ವಿಚಾರಿಸಿದರು. ಶ್ರಾವಣ ಎಂದದ್ದಕ್ಕೆ ಅವರು ನಕ್ಕರು. ಅವರ ಕಡೆ ತಿಂಗಳು ಹುಣ್ಣಿಮೆಗೆ ಮುಗಿಯುತ್ತದಂತೆ, ನಮ್ಮ ಹಾಗೆ ಅಮಾವಾಸ್ಯೆಗಲ್ಲ. ರಾಖಿ ಹಬ್ಬಕ್ಕೇ ಶ್ರಾವಣ ಹೋಯಿತು, ಈಗ ಭಾದ್ರಪದ, ಧಾರಾಳವಾಗಿ ತಿನ್ನು ಎಂದರು. ಅಕ್ಕನ ಮುಖ ಅರಳಿತು. ಅದೇ ಉಸಿರಿನಲ್ಲಿ ಅವರು ಇನ್ನೊಂದು ವಿಷಯವನ್ನೂ ಹೇಳಿದರು. ಈ ಕೆರೆಯ ಹೆಸರಿನ ಅರ್ಥ ವಿಷ್ಣುವಿನ ಸರೋವರ ಎಂದು. ಮೇಲಿನದು ಕೃಷ್ಣನದಂತೆ.

ಅಕ್ಕ ತಟ್ಟೆ ಕೆಳಗಿಟ್ಟಳು. ಗುಡಾರಕ್ಕೆ ಬಂದ ಮೇಲೆ, "ಒಂದ್ ಕಯ್ಯಾಗೆ ಕೊಟ್ಟು ಇನ್ನೊಂದ್ ಕಯ್ಯಾಗೆ ಕಿತ್ಕಂಡ್ರು ನೋಡು," ಎಂದಳು.

ಈ ಕಡೆಯವರಿಗೆ ಶ್ರಾವಣ ಮುಗಿದಿದ್ದರೆ ನಮಗೂ ಮುಗಿದ ಹಾಗಲ್ಲವೇ ಎಂದು ನಾನು ವಾದಿಸಿದೆ. ಬಸ್ಸು ಹತ್ತಿದ ತಕ್ಷಣ ಶ್ರಾವಣ ಇಳಿದು ಹೋಗುವುದಿಲ್ಲ, ನಾನು ಹೊತ್ತುಕೊಂಡು ಬಂದಿರುವುದು ನಮ್ಮ ಮನೆಯದು ಎಂದಳು. ನಾಳೆ ಶನಿವಾರ. ಮೇಲುಕೋಟೆಯ ಕಲ್ಯಾಣಿಯ ಮೀನಿಗೆ ಪುರಿ ಹಾಕುತ್ತಾರೆಯೇ ಹೊರತು ಗಾಳ ಹಾಕುವವರುಂಟೇ? ಇದೂ ಅವನದೇ ಕಲ್ಯಾಣಿ. ಅಷ್ಟು ಹೇಳಿ ಮಗ್ಗುಲಾದಳು. ಪರವಾನಗಿ ಇದ್ದದ್ದು ಶನಿವಾರದವರೆಗೆ, ಈ ಒಂದು ಕೆರೆಗೆ. ಭಾನುವಾರ ಇಳಿಯುವುದು.

ಬೆಳಿಗ್ಗೆ ಅಕ್ಕ ತಣ್ಣೀರಿನಲ್ಲೇ ಕೈಕಾಲು ಮುಖ ತೊಳೆದು, ನಾಮ ಇಟ್ಟುಕೊಂಡು, ಒಂದು ಕಲ್ಲಿನ ಮೇಲೆ ಕರ್ಪೂರ ಹಚ್ಚಿದಳು. ಗಾಳಿಗೆ ಎರಡು ಸಲ ಆರಿತು. ಮೂರನೆಯ ಸಲ ಕುದುರೆಯವನು ತನ್ನ ಕಂಬಳಿಯನ್ನು ಅಡ್ಡ ಹಿಡಿದ. ಆಮೇಲೆ ಅತ್ತೆ ಕೊಟ್ಟ ಪುರಿಯ ಪೊಟ್ಟಣ ಬಿಚ್ಚಿ, ಕಲ್ಯಾಣಿಯಲ್ಲಿ ಮಾಡುವ ಹಾಗೆ ಹಿಡಿಹಿಡಿಯಾಗಿ ನೀರಿಗೆ ಎಸೆದಳು. ಮೇಲುಕೋಟೆಯಲ್ಲಾದರೆ ಮೀನು ಮುಕುರಿಬಿಡುತ್ತವೆ. ಇಲ್ಲಿ ಒಂದೂ ಮೂಸಲಿಲ್ಲ.

ಪುರಿ ತೇಲಿತು. ನಿಂತ ನೀರು ಎಂದುಕೊಂಡಿದ್ದೆವು, ಆದರೆ ಪುರಿ ನಿಧಾನವಾಗಿ ಒಂದೇ ಕಡೆಗೆ ಸಾಗತೊಡಗಿತು. ಅಕ್ಕ ಅದರ ಜೊತೆಗೇ ದಡದ ಮೇಲೆ ನಡೆದಳು. ದೂರದ ಮೂಲೆಯಲ್ಲಿ ಎರಡು ಬಂಡೆಗಳ ನಡುವೆ ಕೆರೆ ಕಿರಿದಾಗಿ, ನೀರು ಹೊರಬಿದ್ದು ತೊರೆಯಾಗಿ ಇಳಿಯುತ್ತಿತ್ತು. ಬಿಳಿ ಪುರಿಯ ಸಾಲು ಆ ಸಂದಿಯೊಳಗೆ ನುಗ್ಗಿ ಕೆಳಗೆ ಬಿದ್ದು ಸುತ್ತತೊಡಗಿತು. ಆಗ ಅಲ್ಲಿ ಒಂದು ಮೂತಿ ಮೇಲೆ ಬಂದು, ಪುರಿಯೊಂದನ್ನು ಒಳಗೆಳೆದು, ಉಗಿದು ಮುಳುಗಿತು. ಮೇಲುಕೋಟೆಯ ಕೋತಿಯ ಹಾಗೇ.

ಅಕ್ಕ ದೊಣ್ಣೆ ಊರಿ ನಿಂತು ನೋಡುತ್ತಲೇ ಇದ್ದಳು. ಮೇಲೆ ಕೆರೆ, ಕೆಳಗೆ ಸುಳಿ. ಮತ್ತೆ ಮೇಲೆ, ಮತ್ತೆ ಕೆಳಗೆ. ನನಗೂ ಅದೇ ಹೊತ್ತಿಗೆ ಹೊಳೆಯಿತು. ಆದರೆ ಹೇಳಬೇಕಾದವಳು ಅವಳು.

"ಇದು ತೂಬಲ್ವೇನೇ?"

"ಹೂಂ ಅಕ್ಕ. ತೂಬೇ."

"ತೂಬು ದಾಟಿದ್ದು ಕೆರೆಯವ್ನದಲ್ಲ."

"ನಮ್ಮೂರಾಗೆ ಅಂಗೇ ತಾನೆ."

"ದೇವ್ರಾದ್ರೂ ಅಷ್ಟೇಯ. ತಕ್ಕೊಂಬಾ ಆ ತಗಡ."

ಒಂದು ಷರತ್ತು ಹಾಕಿಕೊಂಡಳು. ಹಿಡಿದದ್ದನ್ನು ಕೊಲ್ಲುವುದಿಲ್ಲ, ಬಿಟ್ಟುಬಿಡುತ್ತೇನೆ. ಕುದುರೆಯವನಿಗೆ ಅದನ್ನು ತಿಳಿಸಿದಾಗ, ಹಾಗಾದರೆ ಕೊಕ್ಕೆಯ ಮುಳ್ಳು ಮಡಿಸಬೇಕು, ಇಲ್ಲದಿದ್ದರೆ ಮೀನಿನ ಬಾಯಿ ಹರಿಯುತ್ತದೆ ಎಂದು ಇಕ್ಕಳದಲ್ಲಿ ಒತ್ತಿ ಕೊಟ್ಟ. ಅದರ ಜೊತೆಗೆ ಒಂದು ಎಚ್ಚರಿಕೆ. ಮುಳ್ಳಿಲ್ಲದ ಕೊಕ್ಕೆ, ದಾರ ಸ್ವಲ್ಪ ಸಡಿಲವಾದರೂ ಮೀನು ಜಾರಿಕೊಳ್ಳುತ್ತದೆ.

ಎಳೆಯವಳಾಗಿದ್ದಾಗ ಡಬ್ಬ ಹಿಡಿದು ಕೂತು ನೋಡಿದ್ದು ಈಗ ಕೆಲಸಕ್ಕೆ ಬಂತು. ಬೀಳುವ ನೀರಿನಲ್ಲಿ ಮೀನಿರುವುದಿಲ್ಲ, ಅದರ ಪಕ್ಕದಲ್ಲಿ ನೀರು ತಿರುಗಿ ನಿಲ್ಲುವ ಕಡೆ ತಲೆ ಮೇಲ್ಮುಖವಾಗಿಟ್ಟುಕೊಂಡು ಕಾಯುತ್ತದೆ. ನನಗೆ ಹಾಗೆ ಪಿಸುಗುಟ್ಟಿ ಅಕ್ಕ ಬಂಡೆಯ ಬದಿಗೆ ಬೀಸಿದಳು. ತಪ್ಪಿತು. ಮತ್ತೆ ಬೀಸಿದಳು. ಬೆಳಗೆಲ್ಲ ಬೀಸಿದಳು. ಒಪ್ಪತ್ತಿನವಳು, ಹೊಟ್ಟೆಯಲ್ಲಿ ಒಂದು ಲೋಟ ಚಹಾ. ನಾನು ಕೂರು ಎಂದರೆ ಕೂರಲಿಲ್ಲ. ಬಿಸಿಲು ನೆತ್ತಿಗೆ ಬಂದಾಗ ತಂಡದವರು ಊಟಕ್ಕೆ ಕರೆದರು. ಇನ್ನೊಂದೇ ಸಲ ಎಂದು ಬೀಸಿದಳು. ಅದಾದ ಮೇಲೆ ಇನ್ನೊಂದು. ಆಗ ದಾರ ಬಿಗಿಯಿತು.

ಅಕ್ಕನಿಗೆ ರಾಟೆ ಎನ್ನುವುದೇ ಮರೆತುಹೋಯಿತು. ನಮ್ಮ ಅಣ್ಣಂದಿರು ಬಿದಿರು ಕಡ್ಡಿಯಲ್ಲಿ ದೊಡ್ಡ ಮೀನು ಸಿಕ್ಕಾಗ ಮಾಡುತ್ತಿದ್ದಂತೆ ಕಡ್ಡಿಯನ್ನು ಎದೆಗವಚಿ ಹಿಂದಕ್ಕೆ ನಡೆಯತೊಡಗಿದಳು. ಕುದುರೆಯವನು ಸುತ್ತು ಸುತ್ತು ಎಂದು ಉರ್ದುವಿನಲ್ಲಿ, ನಾನು ಮಂಡಿ ಮಂಡಿ ಎಂದು ಕನ್ನಡದಲ್ಲಿ ಕೂಗುತ್ತಿದ್ದೆವು. ಅವಳು ಯಾರ ಮಾತನ್ನೂ ಕೇಳದೆ ಕಲ್ಲುಗಳ ಮೇಲೆ ಒಂದೊಂದೇ ಹೆಜ್ಜೆ ಹಿಂದಿಟ್ಟಳು. ದಾರ ಒಂದು ಕ್ಷಣವೂ ಸಡಿಲವಾಗಲಿಲ್ಲ. ಮೀನು ದಡದ ತೆಳುನೀರಿಗೆ ಬಂದು ಒದ್ದಾಡಿದಾಗ ಕಡ್ಡಿಯನ್ನು ನನ್ನ ಕೈಗೆ ಎಸೆದು, ಅಷ್ಟು ದೂರವನ್ನೂ ಮುಂದಕ್ಕೆ ಓಡಿ, ನೀರಿನಲ್ಲಿ ದೊಪ್ಪನೆ ಕೂತು, ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಮೊಳಕ್ಕಿಂತ ಸ್ವಲ್ಪ ಕಡಮೆ. ಬೆನ್ನು ಕಂದು, ಹೊಟ್ಟೆ ಹಳದಿ, ಮೈಮೇಲೆ ಕೆಂಪು ಚುಕ್ಕೆ, ಒಂದೊಂದರ ಸುತ್ತ ಬಿಳಿ ಬಳೆ. ಕೊಕ್ಕೆ ಆಗಲೇ ತಾನಾಗಿ ಕಳಚಿಕೊಂಡಿತ್ತು. ಅಕ್ಕ ಮೀನು ಬಾಯಿ ತೆರೆದು ಮುಚ್ಚುವುದನ್ನು ನೋಡಿದಳು. ಆಮೇಲೆ ನಾನು ತೋಳು ಹಿಡಿದು ಎತ್ತಿದಾಗ ಮೇಲೆದ್ದು, ಅದನ್ನು ನೀರು ಸೋರುವ ಬೊಗಸೆಯಲ್ಲೇ ಹಿಡಿದುಕೊಂಡು, ಬಂಡೆಗಳ ಆಚೆ ಹೋಗಿ ಕೆರೆಯೊಳಕ್ಕೆ ಬಿಟ್ಟಳು.

ನಾನು ಯಾಕೆ ಎಂದೆ. ಸುಳಿಗೇ ಬಿಟ್ಟರೆ ಇನ್ನೊಬ್ಬರು ಹಿಡಿಯುತ್ತಾರೆ, ಒಡೆಯನ ಹತ್ತಿರ ಇರಲಿ ಎಂದಳು. ಸೀರೆಯ ಬದಲು ಹಾಕಿಕೊಂಡಿದ್ದ ಪ್ಯಾಂಟು ಸೊಂಟದವರೆಗೂ ತೊಯ್ದು ನೀರಿಳಿಯುತ್ತಿತ್ತು. ಅವತ್ತು ಮಧ್ಯಾಹ್ನ ಅನ್ನ ಬೇಳೆಯನ್ನು ಅವಳು ಉಂಡ ಪರಿ ನೋಡಿ ಕುದುರೆಯವನು ತನ್ನ ಪಾಲಿನ ರೊಟ್ಟಿಯನ್ನೂ ಕೊಟ್ಟ.

ನಾನು ಕಡ್ಡಿ ಹಿಡಿದಿದ್ದೆನಾದ್ದರಿಂದ ಫೋಟೊ ತೆಗೆಯಲಾಗಲಿಲ್ಲ. ಲಖನೌ ಶಿಕ್ಷಕಿ ದೂರದಿಂದ ಒಂದು ತೆಗೆದಿದ್ದರು. ಅದರಲ್ಲಿ ಅಕ್ಕನ ಬೆನ್ನು ಇದೆ, ಉಣ್ಣೆಯ ಟೋಪಿ ಇದೆ, ಸುತ್ತ ನೀರು ಚಿಮ್ಮಿದ್ದು ಇದೆ. ಮೀನಿಲ್ಲ.

ಹೊಣಕೆರೆಯ ಜಗುಲಿಯ ಮೇಲೆ ಆ ಫೋಟೊ ಕೈಯಿಂದ ಕೈಗೆ ಹೋಯಿತು. ಭಾವ ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. "ಇಷ್ಟ್ ದೂರ ಹೋಗಿ ನಿನ್ ಬೆನ್ನ ತೆಗುಸ್ಕಂಬಂದ್ಯಾ? ಅದ್ನ ನಾನ್ ಇಲ್ಲೇ ತೆಗೀತಿದ್ನಲ್ಲೇ," ಎಂದರು. ಎಲ್ಲರೂ ನಕ್ಕರು, ಅಕ್ಕನೂ ನಕ್ಕಳು. ನಾನು ಸಾಕ್ಷಿ ಹೇಳಲು ಹೋದೆ. ತಂಗಿಯ ಸಾಕ್ಷಿ ನಡೆಯುವುದಿಲ್ಲ ಎಂದು ತಳ್ಳಿಹಾಕಿದರು.

ಅತ್ತೆ ಫೋಟೊ ಕೇಳಲಿಲ್ಲ, ಕೊಟ್ಟರೂ ಅವರಿಗೆ ಕಾಣುತ್ತಿರಲಿಲ್ಲ. ಅಕ್ಕನನ್ನು ಹತ್ತಿರ ಕರೆದು ಕೂರಿಸಿಕೊಂಡು ಎಲ್ಲಿ ಹಿಡಿದೆ ಎಂದು ಕೇಳಿದರು. ತೂಬಿನ ಕೆಳಗೆ ಎಂದಳು. ಎಲ್ಲಿ ಬಿಟ್ಟೆ ಎಂದರು. ತೂಬಿನ ಮೇಲೆ, ಕೆರೆಗೇ ಎಂದಳು. ಮುದುಕಿ ಎರಡು ಸಲ ತಲೆಯಾಡಿಸಿ, ದನಿ ತಗ್ಗಿಸಿ ಇನ್ನೊಂದು ಕೇಳಿದರು.

"ಕಯ್ಗೆ ತಣ್ಗಿತ್ತಾ?"

ಅಕ್ಕ ಎದ್ದು ಒಳಗೆ ಹೋದಳು. ಮಣ್ಣಿನ ಹರವಿಯ ನೀರಿನಲ್ಲಿ ಎರಡೂ ಕೈಗಳನ್ನು ಮಣಿಕಟ್ಟಿನವರೆಗೆ ಅದ್ದಿ ಹಾಗೇ ಹಿಡಿದುಕೊಂಡು ಬಂದು, ಅತ್ತೆಯ ಮುಂಗೈಯನ್ನು ಮೀನು ಹಿಡಿದಂತೆ ಹಿಡಿದಳು.

"ಇದುಕ್ಕಿಂತ ಇನ್ನೊಸಿ ತಣ್ಗೆ ಕಣತ್ತೆ."

ಮುದುಕಿ ಕೈ ಎಳೆದುಕೊಳ್ಳಲಿಲ್ಲ. ಇನ್ನೊಂದು ಕೈಯನ್ನೂ ಚಾಚಿದರು.